ತಲೆಯ ಮೇಲೆ ಪುಸ್ತಕದ ಗಂಟು ಹೊತ್ತ ಮಾಸ್ತರರು

ಮಕ್ಕಳೇ, ಊರಿಂದ ಅಜ್ಜಿ-ತಾತ ಬಂದಾಗ ಅವರ ಸೂಟ್‌ಕೇಸ್ ತೆಗೆಯೋದನ್ನ ನೋಡಿದ್ದೀರಲ್ವಾ? ಮೇಲುಗಡೆ ಸೀರೆ, ಸ್ವೆಟರ್. ಅದರ ಕೆಳಗೆ ಚಟ್ನಿಪುಡಿ, ಹುಳಿಪುಡಿ, ಕೋಡುಬಳೆ. ಏರ್‌ಪೋರ್ಟಿನಲ್ಲಿ ಅದನ್ನೆಲ್ಲ ತೋರಿಸಿ, ಸಾಲಿನಲ್ಲಿ ನಿಂತು, ಹೇಗೋ ಮನೆ ಸೇರಿಸಿರುತ್ತಾರೆ. ಎಲ್ಲಕ್ಕಿಂತ ಅಡಿಯಲ್ಲಿ ನಾಲ್ಕೈದು ಕನ್ನಡ ಪುಸ್ತಕ. ತೂಕ ಜಾಸ್ತಿ ಆಯ್ತು ಅಂತ ಹೊರಗೆ ತೆಗೆದು, ಮನಸ್ಸು ತಡೆಯದೆ ಮತ್ತೆ ಒಳಗಿಟ್ಟ ಪುಸ್ತಕಗಳು. ನಿಮಗೋಸ್ಕರ ತಂದದ್ದು.

ಈಗ ಒಂದು ಕಷ್ಟದ ಪ್ರಶ್ನೆ. ಆ ಪುಸ್ತಕಗಳು ಇವತ್ತು ಎಲ್ಲಿವೆ?

ಹೆದರಬೇಡಿ, ನಾನು ಬೈಯಲ್ಲ. ಬಹಳ ಮನೆಗಳಲ್ಲಿ ಅವು ಕಪಾಟಿನ ಮೇಲಿನ ಅರೆಯಲ್ಲಿ ಅಂದವಾಗಿ ಕೂತಿವೆ ಅಂತ ನನಗೆ ಗೊತ್ತು. ನನ್ನ ಮನೆಯಲ್ಲೂ ಹಾಗೇ ಇದ್ದವು. ಪುಸ್ತಕ ಮನೆಗೆ ಬರೋದು ಬೇರೆ, ಓದುವವರ ಕೈಗೆ ಬರೋದು ಬೇರೆ. ಈ ಎರಡನೇ ಕೆಲಸ ಎಷ್ಟು ಕಷ್ಟ ಅಂತ ತಿಳಿದು, ಅದಕ್ಕಾಗಿಯೇ ಬದುಕು ಸವೆಸಿದ ಒಬ್ಬರು ನಮ್ಮ ನಾಡಿನಲ್ಲಿ ಇದ್ದರು. ಅವರ ಕಥೆ ಹೇಳ್ತೀನಿ, ಕೇಳಿ. ಅವರ ಹೆಸರು ಗಳಗನಾಥ.

ಎರಡು ನದಿ ಸೇರುವ ಊರು

ಕರ್ನಾಟಕದ ನಕ್ಷೆ ತೆಗೆದು ನಡುಭಾಗದಲ್ಲಿ ಬೆರಳಿಡಿ. ಅಲ್ಲೇ ಹತ್ತಿರದಲ್ಲಿ ಹಾವೇರಿ ಜಿಲ್ಲೆ ಸಿಗುತ್ತದೆ. ಏಲಕ್ಕಿ ಹಾರ, ಬ್ಯಾಡಗಿ ಮೆಣಸಿನಕಾಯಿ ಅಂದರೆ ನಿಮ್ಮ ಅಪ್ಪ-ಅಮ್ಮನಿಗೆ ಥಟ್ಟನೆ ಗೊತ್ತಾಗುತ್ತೆ. ಕನಕದಾಸರು ಮತ್ತು ಶಿಶುನಾಳ ಶರೀಫರು ಹುಟ್ಟಿದ್ದೂ ಇದೇ ಸೀಮೆಯಲ್ಲಿ. ಈ ಜಿಲ್ಲೆಯಲ್ಲಿ ವರದಾ ನದಿ ಬಂದು ತುಂಗಭದ್ರೆಯನ್ನು ಸೇರುವ ಕಡೆ ಒಂದು ಪುಟ್ಟ ಊರಿದೆ. ನದಿಯ ದಡದಲ್ಲಿ ಚಾಲುಕ್ಯರ ಕಾಲದ ಕಲ್ಲಿನ ದೇವಸ್ಥಾನವಿದೆ. ಊರಿನ ಹೆಸರು ಗಳಗನಾಥ.

1869ರ ಜನವರಿ 5ರಂದು ಆ ಊರಿನಲ್ಲಿ ಒಬ್ಬ ಹುಡುಗ ಹುಟ್ಟಿದ. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಕುಲಕರ್ಣಿ ಅಂದರೆ ಊರಿನ ಜಮೀನಿನ ಲೆಕ್ಕಪತ್ರ ಬರೆಯುವ ಮನೆತನ. ಈ ವೆಂಕಟೇಶ ಮುಂದೆ ಪುಸ್ತಕ ಬರೆಯಲು ಶುರು ಮಾಡಿದಾಗ ತನ್ನ ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡ. ಹಾಗಾಗಿ ಇವತ್ತು ಗಳಗನಾಥ ಅಂದರೆ ಒಂದು ಊರೂ ಹೌದು, ಒಬ್ಬ ಲೇಖಕರೂ ಹೌದು. ನಿಮ್ಮಲ್ಲಿ ಯಾರಾದರೂ ಪ್ಯಾರಮಟ್ಟಾ ಅಂತಲೋ ಟಾರ್ನೀಟ್ ಅಂತಲೋ ಹೆಸರಿಟ್ಟುಕೊಂಡು ಕಥೆ ಬರೆದ ಹಾಗೆ!

ಆಗ ಈಗಿನ ಹಾಗೆ ಒಂದೇ ಕರ್ನಾಟಕ ಇರಲಿಲ್ಲ. ಕನ್ನಡ ಮಾತಾಡುವವರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕೆಲವರು ಮೈಸೂರು ಮಹಾರಾಜರ ರಾಜ್ಯದಲ್ಲಿ, ಕೆಲವರು ಹೈದರಾಬಾದ್ ನಿಜಾಮರ ರಾಜ್ಯದಲ್ಲಿ, ಕೆಲವರು ಬ್ರಿಟಿಷರ ಮದ್ರಾಸ್ ಪ್ರಾಂತದಲ್ಲಿ, ಕೆಲವರು ಕೊಡಗಿನಲ್ಲಿ. ಹಾವೇರಿ, ಧಾರವಾಡದ ಕಡೆಯವರು ಮುಂಬಯಿ ಪ್ರಾಂತದಲ್ಲಿದ್ದರು. ಅಲ್ಲಿ ಮರಾಠಿಯ ಪ್ರಭಾವ ಬಹಳ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೂ ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದರು. ಓದಿದವರು ಅನ್ನಿಸಿಕೊಳ್ಳಬೇಕಾದರೆ ಮರಾಠಿ ಬರಬೇಕು, ನಾಟಕ ನೋಡಬೇಕಾದರೆ ಮರಾಠಿ ನಾಟಕ. ಕನ್ನಡ ಅಡುಗೆಮನೆಗೆ, ಅಂಗಳಕ್ಕೆ ಸಾಕು ಅಂತ ಬಹಳ ಜನ ಅಂದುಕೊಂಡುಬಿಟ್ಟಿದ್ದರು.

ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಮಾತಿಗೆ ಒಂದು, ಓದಿಗೆ ಇನ್ನೊಂದು. ನೀವು ಇವತ್ತು ಆಸ್ಟ್ರೇಲಿಯಾದಲ್ಲಿ ಇರುವ ಸ್ಥಿತಿಯಲ್ಲಿ ಆಗಿನ ಮಕ್ಕಳು ತಮ್ಮ ಊರಲ್ಲೇ ಇದ್ದರು!

ಇದನ್ನು ಸರಿಮಾಡಬೇಕು ಅಂತ ಹೊರಟವರು ಮೊದಲೇ ಇದ್ದರು. ಡೆಪ್ಯುಟಿ ಚನ್ನಬಸಪ್ಪನವರು ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಆ ಸೀಮೆಯಲ್ಲಿ ಕನ್ನಡ ಶಾಲೆಗಳು ಬೆಳೆಯುವಂತೆ ಮಾಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಶಾಲೆ ಬಂತು, ಸಂಘ ಬಂತು. ಆದರೆ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗ ಮನೆಗೆ ಬಂದು ಕನ್ನಡದಲ್ಲಿ ಏನು ಓದಬೇಕು? ಪಾಠದ ಪುಸ್ತಕ ಮುಗಿದ ಮೇಲೆ ಖುಷಿಗೆ ಅಂತ ಓದೋಕೆ ಏನಿದೆ?

ಈ ಪ್ರಶ್ನೆ ಗಳಗನಾಥರ ಬದುಕಿನ ಪ್ರಶ್ನೆ ಆಯಿತು.

ಕಥೆಯ ರುಚಿ

ವೆಂಕಟೇಶ ಓದಿ, ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಶಾಲಾ ಮಾಸ್ತರರಾದರು. ಆ ಕಡೆ ಮೇಷ್ಟ್ರನ್ನು ಮಾಸ್ತರ ಅಂತಲೇ ಕರೀತಾರೆ. ಮಕ್ಕಳಿಗೆ ಪಾಠ ಹೇಳುತ್ತಲೇ ಬರೆಯಲು ಕೂತರು. ಅವರ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ' 1898ರಲ್ಲಿ ಬಂತು. ಅದಕ್ಕೆ ವಿದ್ಯಾವರ್ಧಕ ಸಂಘದ ಬಹುಮಾನವೂ ಸಿಕ್ಕಿತು.

ಕಾದಂಬರಿ ಅನ್ನೋದು ಆಗ ಕನ್ನಡಕ್ಕೆ ಹೊಸ ತಿಂಡಿ. ಅದಕ್ಕಿಂತ ಮುಂಚೆ ಹಳ್ಳಿಗಳಲ್ಲಿ ಸಂಜೆ ದೀಪದ ಮುಂದೆ ಕೂತು ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಓದಿಸಿ ಕೇಳುತ್ತಿದ್ದರು. ಒಬ್ಬರು ಓದೋದು, ಹತ್ತು ಜನ ಕೇಳೋದು. ಅವು ಹಾಡಿನ ಹಾಗಿರುವ ಪದ್ಯಗಳು. ಮಾತಾಡಿದ ಹಾಗೆ ಗದ್ಯದಲ್ಲಿ, ನೂರಾರು ಪುಟ ಒಂದೇ ಕಥೆ ಓಡುವ ಪುಸ್ತಕ ಬಹಳ ಅಪರೂಪ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಇತ್ತ ಗಳಗನಾಥರು ಮರಾಠಿಯ ಕಡೆ ನೋಡಿದರು.

ಇಲ್ಲೇ ಅವರ ಜಾಣತನ ಇರೋದು. ಮರಾಠಿಯಿಂದ ಕನ್ನಡಕ್ಕೆ ತೊಂದರೆ ಆಗಿದೆ ಅಂತ ಅವರು ಮರಾಠಿಯ ಮೇಲೆ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಜನ ಮರಾಠಿ ಯಾಕೆ ಓದುತ್ತಾರೆ ಅಂತ ನೋಡಿದರು. ಅಲ್ಲಿ ಹರಿ ನಾರಾಯಣ ಆಪ್ಟೆ ಎಂಬ ದೊಡ್ಡ ಕಾದಂಬರಿಕಾರರಿದ್ದರು. ಕೋಟೆ, ಕುದುರೆ, ಗುಟ್ಟು, ಮೋಸ, ಸಾಹಸ ಎಲ್ಲ ತುಂಬಿದ ಐತಿಹಾಸಿಕ ಕಾದಂಬರಿಗಳನ್ನು ಬರೆಯುತ್ತಿದ್ದರು. ಒಂದು ಅಧ್ಯಾಯ ಮುಗಿದರೆ ಮುಂದೇನು ಅಂತ ತಿಳಿಯದೆ ನಿದ್ದೆ ಬರಬಾರದು, ಅಂಥ ಕಥೆಗಳು. ಗಳಗನಾಥರು ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಪಕ್ಕದ ಮನೆಯ ಅಡುಗೆ ಚೆನ್ನಾಗಿದ್ದರೆ ಮಾಡುವ ಬಗೆ ಕೇಳಿ ಕಲಿತು, ನಮ್ಮ ಮನೆಯ ಒಗ್ಗರಣೆ ಹಾಕಿ ಬಡಿಸೋದಿಲ್ವಾ, ಹಾಗೆ.

ಬರೀ ತರ್ಜುಮೆಯಲ್ಲಿ ಅವರು ನಿಲ್ಲಲಿಲ್ಲ. ತಮ್ಮದೇ ಕಾದಂಬರಿಗಳನ್ನೂ ಬರೆದರು. 1923ರಲ್ಲಿ ಬಂದ 'ಮಾಧವ ಕರುಣಾ ವಿಲಾಸ' ವಿಜಯನಗರ ಸಾಮ್ರಾಜ್ಯ ಹುಟ್ಟಿದ ಕಥೆ. ಊರಿಗೆ ಹೋದಾಗ ಹಂಪಿ ನೋಡಿದ್ದೀರಲ್ವಾ? ಹಕ್ಕ, ಬುಕ್ಕ, ವಿದ್ಯಾರಣ್ಯರ ಹೆಸರು ಕೇಳಿದ್ದೀರಿ. ಹಂಚಿಹೋಗಿದ್ದ ಕನ್ನಡಿಗರಿಗೆ, ನಮಗೂ ಒಂದು ದೊಡ್ಡ ರಾಜ್ಯ ಇತ್ತು ಅನ್ನೋದನ್ನ ಪಾಠದ ಹಾಗಲ್ಲದೆ ಕಥೆಯ ಹಾಗೆ ಹೇಳಿದ ಪುಸ್ತಕ ಅದು. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಅವರನ್ನು ಮುಂದೆ ಜನ ಕಾದಂಬರಿ ಪಿತಾಮಹ ಅಂತ ಕರೆದರು. ಕನ್ನಡ ಕಾದಂಬರಿಗೆ ಅಜ್ಜ ಇದ್ದ ಹಾಗೆ ಅಂತ ಅರ್ಥ.

ಪುಸ್ತಕವೊಂದೇ ಅಲ್ಲ, ಪತ್ರಿಕೆಯನ್ನೂ ಅವರು ನಡೆಸಿದರು. ಹಾವೇರಿಯ ಹತ್ತಿರ ಅಗಡಿ ಅಂತ ಊರಿದೆ. ಅಲ್ಲಿನ ಆನಂದವನ ಆಶ್ರಮದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಶುರುವಾಯಿತು. ಗಳಗನಾಥರು ಅದರ ಸಂಪಾದಕರಾದರು. ಪುಸ್ತಕ ಒಂದು ಸಲ ಬಂದು ಹೋಗುವ ನೆಂಟ. ಮಾಸಪತ್ರಿಕೆ ಹಾಗಲ್ಲ, ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ. ಕಾಯುವುದನ್ನು ಕಲಿಸುತ್ತದೆ. ಕಾಯುವ ಓದುಗರು ಹುಟ್ಟಿದರೆ ಭಾಷೆಗೆ ಬಲ ಬಂತು ಅಂತಲೇ ಲೆಕ್ಕ.

ಗಂಟು ಹೊತ್ತು ಊರೂರು

ಈಗ ನಾನು ಹೇಳಬೇಕು ಅಂದುಕೊಂಡ ಮುಖ್ಯ ಸಂಗತಿಗೆ ಬಂದೆ.

ಕಥೆ ಬರೆದಾಯಿತು. ಅಚ್ಚಿನ ಮೊಳೆ ಒಂದೊಂದಾಗಿ ಜೋಡಿಸಿ ಪುಸ್ತಕವೂ ಅಚ್ಚಾಯಿತು. ಆಮೇಲೆ? ಹಳ್ಳಿಗಳಲ್ಲಿ ಪುಸ್ತಕದ ಅಂಗಡಿ ಇಲ್ಲ. ನಿಮ್ಮ ಬಡಾವಣೆಯಲ್ಲಿರುವಂಥ ಲೈಬ್ರರಿ ಇಲ್ಲ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದದ್ದೇ 1965ರಲ್ಲಿ. 1901ರ ಜನಗಣತಿಯ ಹೊತ್ತಿಗೆ ಇಡೀ ಭಾರತದಲ್ಲಿ ಓದು-ಬರಹ ಬಲ್ಲವರು ನೂರಕ್ಕೆ ಐದಾರು ಮಂದಿ. ಅವರಲ್ಲೂ ಕಾಸು ಕೊಟ್ಟು ಕನ್ನಡ ಕಥೆಪುಸ್ತಕ ಕೊಳ್ಳುವವರು ಎಷ್ಟು ಜನ ಇದ್ದಾರು?

ಬೇರೆ ಯಾರಾದರೂ ಆಗಿದ್ದರೆ, ನಮ್ಮ ಜನಕ್ಕೆ ಓದುವ ಅಭ್ಯಾಸವೇ ಇಲ್ಲ ಅಂತ ಹೇಳಿ ಸುಮ್ಮನಾಗುತ್ತಿದ್ದರು. ಗಳಗನಾಥರು ಹಾಗೆ ಮಾಡಲಿಲ್ಲ. ಪುಸ್ತಕಗಳನ್ನು ಗಂಟು ಕಟ್ಟಿದರು. ಗಂಟನ್ನು ತಲೆಯ ಮೇಲೆ ಹೊತ್ತರು. ಊರೂರಿಗೆ ಹೋಗಿ, ಮನೆಮನೆಯ ಮುಂದೆ ನಿಂತು ಮಾರಿದರು.

ಒಂದು ಕ್ಷಣ ಕಣ್ಮುಂದೆ ತಂದುಕೊಳ್ಳಿ. ನಿಮ್ಮ ಶಾಲೆಯ ಬ್ಯಾಗಿನಲ್ಲಿ ನಾಲ್ಕು ಪುಸ್ತಕ ಜಾಸ್ತಿ ಇದ್ದರೆ ಬಸ್‌ಸ್ಟಾಪಿನಿಂದ ಮನೆಗೆ ಬರುವಷ್ಟರಲ್ಲಿ ಭುಜ ನೋಯುತ್ತೆ. ಹೆಸರಾದ ಲೇಖಕರು, ಶಾಲೆಯ ಮಾಸ್ತರರು, ಪತ್ರಿಕೆಯ ಸಂಪಾದಕರು. ಊರಲ್ಲಿ ಮರ್ಯಾದೆ ಇರುವವರು. ಬಳೆ ಮಾರುವವರ ಹಾಗೆ, ಸೊಪ್ಪು ಮಾರುವವರ ಹಾಗೆ ಗಂಟು ಹೊತ್ತು ಬಿಸಿಲಲ್ಲಿ ನಡೆಯುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ನೋಡಿದವರು ಏನಂದುಕೊಂಡಾರು ಅಂತ ಯೋಚಿಸಿದ್ದರೆ ಅವರು ಮನೆಯಿಂದ ಹೊರಗೇ ಬರುತ್ತಿರಲಿಲ್ಲ.

ಇದರಿಂದ ಅವರು ಶ್ರೀಮಂತರಾದರಾ? ಇಲ್ಲ. ಬಡತನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1942ರಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡರು. ಚೂರುಚೂರಾಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಗುವುದನ್ನು ನೋಡಲು ಅವರು ಇರಲಿಲ್ಲ.

ಮಕ್ಕಳೇ, ನಿಮಗೆ ಒಂದು ನಿಜ ಹೇಳಿಬಿಡ್ತೀನಿ. ಗಳಗನಾಥರ ಕಾದಂಬರಿಗಳನ್ನು ಇವತ್ತು ಓದುವವರು ಬಹಳ ಕಡಿಮೆ. ಅವರ ಕನ್ನಡ ಹಳೆಯದು, ವಾಕ್ಯಗಳು ಉದ್ದ, ನಡುನಡುವೆ ಉಪದೇಶ ಬೇರೆ. ನೀವು ಈಗಲೇ ಓದಬೇಕು ಅಂತ ನಾನು ಹೇಳೋದಿಲ್ಲ, ಓದಿದರೆ ಕಷ್ಟವಾಗುತ್ತೆ. ಹಾಗಾದರೆ ಅವರು ಹೊತ್ತ ಭಾರ ವ್ಯರ್ಥವಾಯಿತಾ?

ಯೋಚನೆ ಮಾಡಿ. ಅವರಿಂದ ಪುಸ್ತಕ ಕೊಂಡ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ನಾಲ್ಕು ಜನ ಕೇಳುತ್ತಾರೆ. ಪಕ್ಕದ ಮನೆಯವರು ಎರವಲು ಒಯ್ಯುತ್ತಾರೆ. ಕೇಳಿದ ಮಗು ಮುಂದೆ ತಾನೇ ಓದಲು ಕಲಿಯುತ್ತದೆ, ಇನ್ನೊಂದು ಪುಸ್ತಕ ಬೇಕು ಅನ್ನುತ್ತದೆ. ಮುಂದೆ ಶಿವರಾಮ ಕಾರಂತರು, ಅ.ನ.ಕೃಷ್ಣರಾಯರು, ತ.ರಾ.ಸು., ತ್ರಿವೇಣಿ ಅವರೆಲ್ಲ ಕಾದಂಬರಿ ಬರೆಯುವ ಹೊತ್ತಿಗೆ ಕನ್ನಡದಲ್ಲಿ ಓದುಗರು ಇದ್ದರು. ಆ ಓದುಗರು ತಾವಾಗಿ ಮಳೆಗೆ ಮೊಳಕೆ ಒಡೆದವರಲ್ಲ. ಗಳಗನಾಥರು, ವೆಂಕಟಾಚಾರ್ಯರಂಥವರು ಬಿತ್ತಿ ಬೆಳೆಸಿದವರು. ನಿಮ್ಮ ಅಜ್ಜಿ ಮಧ್ಯಾಹ್ನ ಕೆಲಸ ಮುಗಿಸಿ, ಕಾದಂಬರಿ ಹಿಡಿದು ಕೂರುತ್ತಿದ್ದ ಕಥೆ ಅಮ್ಮನನ್ನು ಕೇಳಿ ನೋಡಿ. ಆ ರೂಢಿಯ ಬೇರು ಹುಡುಕುತ್ತ ಹೋದರೆ ಆ ಗಂಟಿನ ಹತ್ತಿರ ಬಂದು ನಿಲ್ಲುತ್ತೇವೆ.

ನಮ್ಮ ಪೆಟ್ಟಿಗೆಯ ಕಥೆ

ನಾನು ಕಲಿಸುವ ತರಗತಿಯಲ್ಲೂ ಒಂದು ಪುಸ್ತಕದ ಪೆಟ್ಟಿಗೆ ಇದೆ. ಪ್ಲಾಸ್ಟಿಕ್ಕಿನದು, ನೀಲಿ ಮುಚ್ಚಳ. ಪ್ರತಿ ವಾರ ಅದನ್ನು ಮೂಲೆಯಲ್ಲಿ ಇಡುತ್ತಿದ್ದೆ. ಬೇಕಾದವರು ತೆಗೆದುಕೊಳ್ಳಿ ಅಂತ ಹೇಳುತ್ತಿದ್ದೆ. ಒಂದು ಟರ್ಮ್ ಪೂರ್ತಿ ಕಳೆದರೂ ಯಾರೂ ಮುಚ್ಚಳ ತೆಗೆಯಲಿಲ್ಲ. ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ಒಬ್ಬರ ಹತ್ತಿರ ದೂರಿದ್ದೂ ಉಂಟು.

ಆಮೇಲೊಂದು ದಿನ ಮಕ್ಕಳನ್ನೇ ಕೇಳಿದೆ, ಇಂಗ್ಲಿಷಿನಲ್ಲಿ ಏನು ಓದುತ್ತೀರಿ ಅಂತ. ಅಬ್ಬಾ, ಎಲ್ಲರೂ ಒಟ್ಟಿಗೆ ಮಾತಾಡಿದರು! ಮೆಲ್ಬರ್ನ್‌ನವರೇ ಆದ ಆ್ಯಂಡಿ ಗ್ರಿಫಿತ್ಸ್ ಬರೆದ ಮರದ ಮನೆಯ ಪುಸ್ತಕಗಳ ಹೆಸರು ಬಂತು. ಪ್ರತಿ ಪುಸ್ತಕದಲ್ಲೂ ಆ ಮನೆಗೆ ಹದಿಮೂರು ಮಹಡಿ ಹೆಚ್ಚಾಗುತ್ತಂತೆ. ಆ ಪುಸ್ತಕ ನಿಮಗೆ ಹೇಗೆ ಸಿಕ್ಕಿತು ಅಂದೆ. ಬಹಳ ಮಕ್ಕಳ ಉತ್ತರ ಒಂದೇ. ಫ್ರೆಂಡ್ ಹೇಳಿದ, ಫ್ರೆಂಡ್ ಕೊಟ್ಟಳು. ಟೀಚರ್ ಮೂಲೆಯಲ್ಲಿ ಇಟ್ಟಿದ್ದರು ಅಂತ ಒಬ್ಬರೂ ಹೇಳಲಿಲ್ಲ.

ಅವತ್ತು ನನಗೆ ಗಳಗನಾಥರು ನೆನಪಾದರು. ಅವರು ಗಂಟನ್ನು ಮೂಲೆಯಲ್ಲಿಟ್ಟು ಕಾಯಲಿಲ್ಲ, ಹೊತ್ತುಕೊಂಡು ಹೋದರು. ನಾನು ಪೆಟ್ಟಿಗೆಯನ್ನು ಕೂಡ ಹೊತ್ತಿರಲಿಲ್ಲ, ಕಾರಿನಿಂದ ಟ್ರಾಲಿಯಲ್ಲಿ ಎಳೆದುಕೊಂಡು ಬರುತ್ತಿದ್ದೆ!

ಮುಂದಿನ ವಾರದಿಂದ ಮುಚ್ಚಳ ತೆಗೆದು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದೆ. ಒಂದು ಕಥೆಯನ್ನು ಅರ್ಧ ಓದಿ ಹೇಳಿ, ಒಳ್ಳೇ ಜಾಗದಲ್ಲಿ ನಿಲ್ಲಿಸಿದೆ. ತರಗತಿ ಮುಗಿಯುವಾಗ ಕಾರ್ ಪಾರ್ಕಿನಲ್ಲಿ ಕಾಯುತ್ತಿದ್ದ ಅಪ್ಪ-ಅಮ್ಮಂದಿರ ಹತ್ತಿರ ಪುಸ್ತಕ ಹಿಡಿದುಕೊಂಡು ಹೋದೆ. ಮೊದಲ ವಾರ ಮೂರು ಪುಸ್ತಕ ಹೊರಟವು. ಅದರಲ್ಲಿ ಒಂದು ವಾಪಸ್ ಬಂದಾಗ ಪುಟದ ಮೇಲೆ ಸಾರಿನ ಕಲೆ ಇತ್ತು. ಆ ಹುಡುಗಿ ಹೆದರಿಕೊಂಡೇ ಕೊಟ್ಟಳು. ನನಗೆ ಸಂತೋಷವಾಯಿತು. ಕಲೆ ಬಿದ್ದಿದೆ ಅಂದರೆ ಪುಸ್ತಕ ಊಟದ ಮೇಜಿನವರೆಗೂ ಹೋಗಿದೆ ಅಂತ ತಾನೇ?

ನಿಮ್ಮ ಸರದಿ

ನೀವು ತಲೆಯ ಮೇಲೆ ಗಂಟು ಹೊರಬೇಕಿಲ್ಲ. ಆದರೆ ಕೆಲವು ಸಣ್ಣ ಕೆಲಸ ಖಂಡಿತ ಮಾಡಬಹುದು.

ಮೊದಲು, ನಿಮಗೆ ಹಿಡಿಸುವ ಪುಸ್ತಕ ಹುಡುಕಿ. ಒಂದು ಪುಟ ಓದಿ ನೋಡಿ. ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಿ. ಐದೂ ಬೆರಳು ಮಡಚಿಹೋದರೆ ಆ ಪುಸ್ತಕ ಸದ್ಯಕ್ಕೆ ಪಕ್ಕಕ್ಕಿಡಿ, ಇನ್ನೂ ಸುಲಭದ್ದು ತೊಗೊಳ್ಳಿ. ಹತ್ತು ವರ್ಷದವರು ಆರು ವರ್ಷದವರ ಪುಸ್ತಕ ಓದಿದರೆ ಅವಮಾನ ಏನಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಂತಹಂತವಾಗಿ, ಹಣವಿಲ್ಲದೆ ಸಿಗುತ್ತವೆ. ಶುರು ಮಾಡೋಕೆ ಒಳ್ಳೇ ಜಾಗ. ಬೇಜಾರಾದ ಪುಸ್ತಕವನ್ನು ಅರ್ಧಕ್ಕೆ ಬಿಡಲೂಬಹುದು, ಯಾರೂ ಪೊಲೀಸರನ್ನು ಕರೆಯೋದಿಲ್ಲ.

ಎರಡನೆಯದು, ಓದಿದ್ದನ್ನು ಒಬ್ಬರಿಗಾದರೂ ಹೇಳಿ. ಪೂರ್ತಿ ಹೇಳಬೇಡಿ, ರುಚಿ ಹತ್ತಿಸಿ ನಿಲ್ಲಿಸಿ. ಸಿಡ್ನಿಯಲ್ಲಿರುವವರು ಮೆಲ್ಬರ್ನ್‌ನ ಅಣ್ಣ-ತಂಗಿಯರ ಜೊತೆ ಒಂದೇ ಪುಸ್ತಕ ಇಟ್ಟುಕೊಳ್ಳಿ. ವಾರಕ್ಕೊಂದು ಸಲ ವಿಡಿಯೋ ಕಾಲ್‌ನಲ್ಲಿ ಒಂದು ಪುಟ ನೀವು, ಒಂದು ಪುಟ ಅವರು. ಆಗಸ್ಟ್‌ನಲ್ಲಿ ಬುಕ್ ವೀಕ್ ಬಂದಾಗ ಈ ಸಲ ಕನ್ನಡ ಕಥೆಯ ಪಾತ್ರದ ವೇಷ ಹಾಕಿ. ಇದು ಯಾರು ಅಂತ ಗೆಳೆಯರು ಕೇಳೇ ಕೇಳುತ್ತಾರೆ. ಅಲ್ಲಿಗೆ ಒಂದು ಕನ್ನಡ ಕಥೆ ಇಂಗ್ಲಿಷಿಗೆ ಹೋದ ಹಾಗಾಯಿತು. ಗಳಗನಾಥರು ಮರಾಠಿಯಿಂದ ತಂದರು, ನೀವು ಕನ್ನಡದಿಂದ ಕೊಡಿ.

ಅಪ್ಪ-ಅಮ್ಮಂದಿರೇ, ನಿಮಗೂ ಒಂದು ಮಾತು. ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ ಅಂತ ಕೊರಗಬೇಡಿ. ಕೇಳೋಕೆ ಬರುತ್ತಲ್ಲ? ಹಿಂದೆ ಒಬ್ಬರು ಓದಿದರೆ ಇಡೀ ಜಗಲಿ ಕೇಳುತ್ತಿತ್ತು. ನೀವು ಓದಿ, ಅವರು ಕೇಳಲಿ. ಮಲಗುವ ಮುಂಚೆ ಹತ್ತೇ ನಿಮಿಷ ಸಾಕು. ಇನ್ನೊಂದು ವಿಷಯ. ನೀವು ಫೋನ್ ಹಿಡಿದು ಕೂತು ಮಕ್ಕಳ ಕೈಗೆ ಪುಸ್ತಕ ಕೊಟ್ಟರೆ ಅವರು ನಂಬೋದಿಲ್ಲ. ನಿಮ್ಮ ಕೈಯಲ್ಲೂ ಒಂದು ಪುಸ್ತಕ ಇರಲಿ.

ಈಗ ಈ ಪತ್ರಿಕೆ ಕೆಳಗಿಡಿ. ಕುರ್ಚಿ ಹಾಕಿಕೊಂಡು, ಜೋಪಾನವಾಗಿ, ಕಪಾಟಿನ ಮೇಲಿನ ಅರೆಗೆ ಕೈ ಹಾಕಿ. ಅಜ್ಜಿ ತಂದ ಪುಸ್ತಕ ಅಲ್ಲೇ ಇದೆ. ಧೂಳು ಒರೆಸಿ, ಮೊದಲ ಪುಟ ತೆಗೆಯಿರಿ. ಓದಿ ಮುಗಿಸಿದ ಮೇಲೆ ಅದನ್ನು ಮತ್ತೆ ಮೇಲೆ ಇಡಬೇಡಿ. ಮುಂದಿನ ವಾರ ಶಾಲೆಗೆ ತನ್ನಿ, ಪಕ್ಕದಲ್ಲಿ ಕೂರುವ ಗೆಳೆಯನ ಕೈಗೆ ಕೊಡಿ.